ಇವತ್ತ ನೀರಿಲ್ಲ ಅನ್ನುವ ಸುದ್ದಿ

ಆ ಭಾನುವಾರ ಬೆಳಿಗ್ಗೆ ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಐದು ಮಂದಿ ಕೂತಿದ್ದೆವು. ಗೋಡೆಗೆ ಒರಗಿ ನನ್ನ ಅಜ್ಜಿ, ಅವಳ ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಎದುರುಮನೆಯ ಕಾಕು, ಆಮೇಲೆ ನಾನು, ನನ್ನ ಜೊತೆ ಇಂಜಿನಿಯರಿಂಗ್ ಓದುವ ಇನ್ನಿಬ್ಬರು. ಒಬ್ಬಳು ಶಿರಹಟ್ಟಿಯಿಂದ ದಿನಾ ಬಸ್ಸಿಗೆ ಬರುವ ಗೆಳತಿ, ಇನ್ನೊಬ್ಬ ಲಕ್ಷ್ಮೇಶ್ವರದ ಗೆಳೆಯ.

ಹಿಂದಿನ ದಿನವಷ್ಟೇ ನಾವು ಮೂವರೂ ನಮ್ಮ ಮೊದಲ ಹ್ಯಾಕಥಾನ್ ಮುಗಿಸಿದ್ದೆವು. ಎರಡು ದಿನ ಒಂದು ಸಭಾಂಗಣದಲ್ಲಿ ಕೂತು, ಜನರ ಒಂದು ತೊಂದರೆ ಆರಿಸಿಕೊಂಡು, ಅದಕ್ಕೊಂದು ಪ್ರೋಗ್ರಾಂ ಬರೆದು ತೋರಿಸುವ ಸ್ಪರ್ಧೆ ಅದು. ಮೂರನೆಯ ಬಹುಮಾನವೆಂದು ಕೊಟ್ಟ ಬಂಗಾರದ ಬಣ್ಣದ ಕಪ್ ಅನ್ನು ಅಜ್ಜಿಯ ಕೈಗಿಟ್ಟೆ. ಅವಳು ಅದನ್ನು ಬೋರಲು ಹಾಕಿ ನೋಡಿದಳು, ಉಗುರಿನಿಂದ ಬಡಿದು ನೋಡಿದಳು.

‘ಇದರಾಗ ಚಾ ಕುಡಿಯಾಕ ಬರತೈತೇನು?’

ಬರುವುದಿಲ್ಲ ಎಂದೆ. ಹಂಗಾದರ ಗ್ವಾಡಿ ಮಾಡದಾಗ ಇಡು ಎಂದಳು.

ನಾವು ಆರಿಸಿಕೊಂಡ ತೊಂದರೆ ನಮ್ಮ ಓಣಿಯದೇ. ನಮ್ಮಲ್ಲಿ ನಳದ ನೀರು ಪಾಳಿಯ ಮೇಲೆ ಬರುತ್ತದೆ. ಇಂಥ ದಿನವೇ ಎಂದು ಹೇಳಲು ಬಾರದು. ಯಾರ ಮನೆಯ ನಳದಲ್ಲಿ ಮೊದಲು ನೀರು ಬಂತೋ ಅವರು ಫೋನಿನಲ್ಲಿ ಒಂದು ನೀಲಿ ಗುಂಡಿ ಒತ್ತಬೇಕು, ಓಣಿಯ ಉಳಿದವರ ಫೋನು ಟಿಣ್ ಎನ್ನಬೇಕು, ನಕಾಶೆಯಲ್ಲಿ ನಮ್ಮ ಓಣಿ ನೀಲಿಯಾಗಬೇಕು. ಅಷ್ಟೇ ನಮ್ಮ ಆ್ಯಪ್. ಪರೀಕ್ಷಕರಿಗೆ ಆ ನಕಾಶೆ ಬಹಳ ಹಿಡಿಸಿತ್ತು. ಬಹುಮಾನ ಬಂದಿದ್ದೇ ಅದಕ್ಕೆ.

ಆದರೆ ಇದನ್ನು ಮಾಡುವಾಗ ನನ್ನ ಮನಸ್ಸಿನಲ್ಲಿ ಇದ್ದವಳು ಕಾಕು. ಮುಂಡರಗಿಯಲ್ಲಿ ಅವಳ ಅಕ್ಕ ಇದ್ದಾಳೆ. ಕಾಕು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಜಡೆ ಹಾಕಿ ಬೆಳೆಸಿದವಳು ಈ ಅಕ್ಕನೇ. ಈಗ ಅಕ್ಕನ ಕಣ್ಣು ಮಂದವಾಗಿ, ಬೆಳಕು ಯಾವುದು ಬಾಗಿಲು ಯಾವುದು ಎಂಬಷ್ಟು ಮಾತ್ರ ಕಾಣಿಸುತ್ತಿತ್ತು. ಬಂದು ಎರಡು ದಿನ ಇದ್ದು ಹೋಗು ಎಂದು ಎರಡು ತಿಂಗಳಿಂದ ಫೋನ್ ಮಾಡಿಸುತ್ತಿದ್ದಳು. ಕಾಕುವಿಗೆ ಮನೆ ಬಿಡುವ ಧೈರ್ಯವಿಲ್ಲ. ಕಾಕಾ ಮಗ್ಗದ ಮೇಲೆ ಕೂತರೆ ಅದರ ಸಪ್ಪಳದಲ್ಲಿ ನಳ ಸುರಿದರೂ ಅವರಿಗೆ ಕೇಳದು. ನೀರು ಬಂದ ಹೊತ್ತಿನಲ್ಲಿ ಪಕ್ಕದ ಮನೆಯ ಕೊಡ ತುಂಬಿಸಿ ಕೊಡಲು ಯಾರಿಗೂ ಪುರುಸೊತ್ತಿಲ್ಲ. ಒಮ್ಮೆ ಧೈರ್ಯ ಮಾಡಿ ಬಸ್ ಹತ್ತಿದ್ದಳಂತೆ. ಅರ್ಧ ದಾರಿಯಲ್ಲಿ ನೀರು ಬಂತೆಂದು ಯಾರೋ ಫೋನ್ ಮಾಡಿದರು. ಅಲ್ಲೇ ಇಳಿದು, ಎದುರು ಬಂದ ಬಸ್ ಹತ್ತಿ ವಾಪಸ್ ಬಂದಳು. ಮನೆ ಮುಟ್ಟುವಷ್ಟರಲ್ಲಿ ನಳ ಸುಮ್ಮನಾಗಿತ್ತು. ಅಕ್ಕನನ್ನೂ ನೋಡಲಿಲ್ಲ, ನೀರೂ ಹಿಡಿಯಲಿಲ್ಲ.

ಅವಳನ್ನು ಮುಂಡರಗಿಗೆ ಕಳಿಸಬೇಕು ಎಂಬ ಹಟ ನನಗಿತ್ತು. ಹಾಗಾಗಿ ಕಟ್ಟೆಯ ಮೇಲೆ ಕೂತು, ಓಣಿಯ ಹತ್ತು ಮನೆಯವರ ಫೋನಿಗೆ ಆ್ಯಪ್ ಹಾಕಿ ಮುಗಿಸಿ, ಹನ್ನೊಂದನೆಯದಾಗಿ ನಮ್ಮ ಅವ್ವನ ಫೋನು ಹಿಡಿದುಕೊಂಡು ಕಾಕುವಿಗೆ ಗುಂಡಿ ತೋರಿಸುತ್ತಿದ್ದೆ. ಅಷ್ಟರಲ್ಲಿ ಮೂಲೆಮನೆಯ ನಳ ಗೊರಗೊರ ಎಂದಿತು.

ಕಾಕು ಹುಣಸೆಹಣ್ಣಿನ ಬುಟ್ಟಿಯನ್ನು ದಾಟಿ ಓಡಿದಳು. ಅವ್ವ ಒಳಗಿನಿಂದ ಹಂಡೆ ಉರುಳಿಸಿಕೊಂಡು ಬಂದಳು. ನಾನು ಪೈಪ್ ಸಿಗಿಸಿದೆ. ಲಕ್ಷ್ಮೇಶ್ವರದ ಗೆಳೆಯ ಪ್ಯಾಂಟ್ ಮಡಚಿ ಕೊಡ ಹೊತ್ತ. ಶಿರಹಟ್ಟಿಯ ಗೆಳತಿ ಕಾಕುವಿನ ಮನೆಯ ಬ್ಯಾರಲ್ಲಿಗೆ ನಿಂತಳು. ಒಂದು ತಾಸು ಓಣಿಯಲ್ಲಿ ಯಾರೂ ಸುಮ್ಮನೆ ನಿಂತದ್ದು ನಾನು ಕಾಣಲಿಲ್ಲ. ಕಟ್ಟೆಯ ಮೇಲೆ ಹಾಸಿದ್ದ ಚಾಪೆ ಸಹ ತೊಯ್ದಿತು.

ನೀರು ನಿಂತ ಮೇಲೆ ಕೈ ಒರೆಸಿಕೊಂಡು ಫೋನ್ ನೋಡಿದೆ. ನಕಾಶೆಯಲ್ಲಿ ನಮ್ಮ ಓಣಿ ಬೂದು ಬಣ್ಣದಲ್ಲೇ ಇತ್ತು. ಹತ್ತು ಮನೆಯಲ್ಲಿ ಒಬ್ಬರೂ ಗುಂಡಿ ಒತ್ತಿರಲಿಲ್ಲ. ಬರೆದ ಮೂವರಿಗೂ ಅದರ ನೆನಪಾಗಿರಲಿಲ್ಲ. ಹುಟ್ಟಿದಾಗಿನಿಂದ ಆ ಓಣಿಯಲ್ಲಿ ಕೊಡ ಹೊತ್ತವಳು ನಾನು, ನೀರು ಬಂದಾಗ ಕೈ ಖಾಲಿ ಇರುವುದಿಲ್ಲ ಎಂಬುದನ್ನು ಆ ಸಭಾಂಗಣದಲ್ಲಿ ಎರಡು ದಿನ ಕೂತು ಮರೆತುಬಿಟ್ಟಿದ್ದೆ.

ಕಾಕು ಸೆರಗು ಹಿಂಡುತ್ತ ಕಟ್ಟೆಗೆ ಬಂದಳು. ನನ್ನ ಮುಖ ನೋಡಿ ಪಾಪ ಎನಿಸಿರಬೇಕು. ಪಕ್ಕದಲ್ಲಿ ಕೂತು ಹೇಳಿದಳು:

‘ನೀರ ಬಂತಂತ ಹೇಳಾಕ ನೀವ್ಯಾಕ ಬೇಕ ತಂಗಿ, ನಳಾನ ಹೇಳತೈತಿ. ಇವತ್ತ ಬರಂಗಿಲ್ಲ ಅಂತ ಯಾರರ ಹೇಳಿದ್ರ ನೋಡು, ನಾ ನಮ್ಮಕ್ಕನ ಕಡೆ ಹೋಗಿ ಬರ್ತಿದ್ನಿ.’

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜಿ ಮಾತ್ರ ಇದರಲ್ಲಿ ಹೊಸದೇನಿದೆ ಎಂಬಂತೆ ಹುಣಸೆಬೀಜ ಆರಿಸತೊಡಗಿದಳು.

ಮಧ್ಯಾಹ್ನ ಒದ್ದೆ ಬಟ್ಟೆಯಲ್ಲೇ ಗದಗಿನ ನಮ್ಮ ಕೂಟಕ್ಕೆ ಹೋದೆವು. ಕೂಟ ಎಂದರೆ ದೊಡ್ಡದೇನಲ್ಲ. ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ಅಲ್ಲಿ ಭಾನುವಾರ ಸೇರುವ ಹದಿನೈದು ಇಪ್ಪತ್ತು ಮಂದಿ ಕೋಡ್ ಬರೆಯುವ ಹುಡುಗ ಹುಡುಗಿಯರು. ಅದನ್ನು ನಡೆಸುವವಳು ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವ ಒಬ್ಬಳು ಅಕ್ಕ. ಅವಳು ಹಾಕಿದ ಒಂದು ಪದ್ಧತಿ ಇತ್ತು. ಬಂದ ಕೂಡಲೇ ಆ ವಾರ ಯಾರ ಪ್ರೋಗ್ರಾಂ ಕೆಟ್ಟಿತೋ ಅವರು ಎದ್ದು ನಿಂತು, ಎಲ್ಲಿ ಕೆಟ್ಟಿತು, ತಾವೇನು ತಿಳಿದಿದ್ದೆವು, ಏನಾಯಿತು ಎಂದು ಹೇಳಬೇಕು. ಕೆಳಗಿನ ಬಂಡಿಯಿಂದ ಬರುವ ಮಿರ್ಚಿ ಭಜಿಯಲ್ಲಿ ಮೊದಲ ಬಿಸಿ ಮಿರ್ಚಿ ಅವರಿಗೆ. ಚಲೋ ನಡೆದವರದು ಆಮೇಲೆ.

ಮೊದಲ ವರ್ಷ ಆ ಕೋಣೆಗೆ ಹೋದಾಗ ನಾನು ಮೂಲೆ ಹಿಡಿದು ಕೂರುತ್ತಿದ್ದೆ. ನನ್ನದು ಕೆಟ್ಟರೂ ಹೇಳುತ್ತಿರಲಿಲ್ಲ. ಆರು ತಿಂಗಳು ತಣ್ಣನೆಯ ಮಿರ್ಚಿಯನ್ನೇ ತಿಂದೆ. ಒಂದು ದಿನ ಅಕ್ಕ ಏನೂ ಕೇಳದೆ ಬಿಸಿಯದೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಮುಂದಿಟ್ಟು, ತಿಂದು ಆಮೇಲೆ ಹೇಳಿದರೂ ನಡೆಯುತ್ತದೆ ಎಂದಳು. ತಿಂದೆ, ಹೇಳಿದೆ. ಆವತ್ತಿನಿಂದ ನನಗೆ ಬಾಯಿ ಬಂತು ಎಂದು ಶಿರಹಟ್ಟಿಯವಳು ಈಗಲೂ ಆಡಿಕೊಳ್ಳುತ್ತಾಳೆ.

ಆ ಭಾನುವಾರ ನಾನು ಎದ್ದು ನಿಂತು ಬೆಳಗಿನ ಕಥೆಯನ್ನೆಲ್ಲ ಹೇಳಿದೆ. ಕೋಣೆ ನಕ್ಕಿತು, ನಾವೂ ನಕ್ಕೆವು. ನಕ್ಕು ಮುಗಿದ ಮೇಲೆ ಅಕ್ಕ ಒಂದೇ ಮಾತು ಕೇಳಿದಳು. ನೀರು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲದಿರಬಹುದು, ಇವತ್ತು ಬರುವುದಿಲ್ಲ ಎಂದು ಯಾರಿಗೆ ಗೊತ್ತಿರುತ್ತದೆ?

ಗೊತ್ತಿದ್ದವರು ನೀರು ಬಿಡುವ ಮಾಮಾ. ಉದ್ದನೆಯ ಕಬ್ಬಿಣದ ಕೀಲಿ ಸೈಕಲ್ಲಿಗೆ ಕಟ್ಟಿಕೊಂಡು ಓಣಿಯಿಂದ ಓಣಿಗೆ ಹೋಗಿ ವಾಲ್ವ್ ತಿರುಗಿಸುವವರು. ಅವರ ಪಾಳಿಯಲ್ಲಿ ನಮಗಿಂತ ಮುಂದೆ ಇನ್ನೂ ನಾಲ್ಕು ಓಣಿ ಉಳಿದಿದ್ದರೆ ಆವತ್ತು ನಮಗೆ ನೀರಿಲ್ಲ. ಇಷ್ಟು ಸರಳ. ಆದರೆ ಕೇಳಲು ಹೋದಾಗ ಮಾಮಾ ಸೈಕಲ್ಲಿನಿಂದ ಇಳಿಯಲೇ ಇಲ್ಲ.

‘ಯಾಕ, ನಂದೂ ಹಾಜರಿ ತಗೊಳ್ಳಾಕ ಹೊಂಟೀರೇನು? ಈಗರ ಮಂದಿ ಓಣ್ಯಾಗ ನಿಲ್ಲಿಸಿ ಬೈತಾರ, ನೀವ ಫೋನಿನ್ಯಾಗೂ ಬೈಸ್ರಿ.’

ಮೂರು ಸಲ ಹೋದೆವು. ಮೂರನೆಯ ಸಲ ನಾನು ಆ್ಯಪ್ ಮಾತೇ ಎತ್ತದೆ, ಕಾಕು ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದ ಕಥೆ ಹೇಳಿದೆ. ಅವರು ಕೀಲಿಯ ಮೇಲೆ ಗದ್ದ ಊರಿ ಕೇಳಿದರು. ಮೆಸೇಜು ಫೋಟೋ ಏನೂ ಆಗದು, ಒಂದು ಓಣಿ ಮುಗಿದ ಮೇಲೆ ಒಂದು ಮಿಸ್ ಕಾಲ್ ಕೊಡುತ್ತೇನೆ, ನನ್ನ ನಂಬರು ಮಂದಿಗೆ ಕೊಡಬಾರದು ಎಂದರು. ಹೋಗುವಾಗ ಇನ್ನೊಂದು ಮಾತು ಸೇರಿಸಿದರು. ಯಾವ ಓಣಿಯಲ್ಲಾದರೂ ಯಾರಾದರೂ ತೀರಿಕೊಂಡು ಮಣ್ಣಾದರೆ ಆವತ್ತು ಅಲ್ಲಿಗೆ ಮೊದಲು ನೀರು. ಅದಕ್ಕೆ ಪಾಳಿ ನೋಡುವುದಿಲ್ಲ, ಯಾರೂ ಜಗಳ ತೆಗೆಯುವುದಿಲ್ಲ. ಆಗ ಎರಡು ಸಲ ಮಿಸ್ ಕಾಲ್ ಕೊಡುತ್ತೇನೆ, ತಿಳಿದುಕೊಳ್ಳಿ ಎಂದರು. ಇಷ್ಟು ವರ್ಷ ಆ ಓಣಿಯಲ್ಲಿದ್ದೂ ಅದು ನನಗೆ ಗೊತ್ತಿರಲಿಲ್ಲ.

ನಕಾಶೆ, ನೀಲಿ ಗುಂಡಿ ಎಲ್ಲವನ್ನೂ ತೆಗೆದು ಹಾಕಿದೆವು. ಲಕ್ಷ್ಮೇಶ್ವರದವನಿಗೆ ನಕಾಶೆಯ ಮೇಲೆ ಬಹಳ ಜೀವ. ಅಳಿಸುವಾಗ ಆಚೆ ಹೋಗಿ ನಿಂತಿದ್ದ. ಉಳಿದದ್ದು ಇಷ್ಟೇ: ಮಾಮಾನ ಮಿಸ್ ಕಾಲ್ ಎಣಿಸಿ ಎಷ್ಟು ಓಣಿ ಮುಗಿಯಿತೆಂದು ತಿಳಿಯಬೇಕು, ಬೆಳಿಗ್ಗೆ ಮನೆಮನೆಗೆ ಒಂದು ಫೋನ್ ಹೋಗಬೇಕು. ಮೊದಲು ಯಂತ್ರದ ದನಿ ಇಟ್ಟಿದ್ದೆವು. ಕಂಪನಿಯವರು ಎಂದು ಕಾಕು ಕಟ್ ಮಾಡಿದಳು. ಹಾಗಾಗಿ ಅಜ್ಜಿಯನ್ನು ಕೂರಿಸಿ, ನಾವು ಚಂದಾಗಿ ಬರೆದ ವಾಕ್ಯ ಕೊಟ್ಟೆವು. ಅವಳು ಅದನ್ನು ಓದಿ, ಮಡಚಿ ಬದಿಗಿಟ್ಟು, ಫೋನಿನ ಹತ್ತಿರ ಬಾಗಿ ತನ್ನದೇ ಹೇಳಿದಳು:

‘ತಂಗಿ, ಇವತ್ತ ನೀರಿಲ್ಲವಾ. ನಿನ್ನ ಕೆಲಸ ನೀ ನೋಡ್ಕೊ ಹೋಗು.’

ಇನ್ನೊಂದು, ನಾಳೆ ನಿಮ್ಮ ಪಾಳಿ ಎಂದು. ಓಣಿಯ ಗಂಡಸರ ಫೋನಿಗೂ ಅದೇ ಹೋಯಿತು. ಮೂಲೆಮನೆಯ ನಿವೃತ್ತ ಮಾಸ್ತರರು ದಿನಾ ಬೆಳಿಗ್ಗೆ ತಂಗಿ ಎನಿಸಿಕೊಂಡೂ ಒಮ್ಮೆಯೂ ಬೇಡ ಎನ್ನಲಿಲ್ಲ.

ಎರಡನೆಯ ಹ್ಯಾಕಥಾನಿಗೆ ಇದನ್ನೇ ಒಯ್ದೆವು. ತೆರೆಯ ಮೇಲೆ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಒಬ್ಬ ಪರೀಕ್ಷಕರು ಕೋಡ್ ತಿರುವಿ ಹಾಕುತ್ತ, ಪಾಳಿಯನ್ನು ಮುರಿಯುವ ಈ ಮೂರು ಸಾಲು ಯಾಕೆ ಎಂದು ಕೇಳಿದರು. ಹೊಸಬರ ಮುಂದೆ ಮಾತಿಗೆ ನಾಚುವ ಶಿರಹಟ್ಟಿಯವಳೇ ಎದ್ದು, ಅದು ಮಣ್ಣಾದ ಮನೆಯವರಿಗೆ ಎಂದಳು. ಅವರು ಅಜ್ಜಿಯ ದನಿಯನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಆ ಸಲ ಕಪ್ ಬರಲಿಲ್ಲ. ಮುಂದಿನ ಭಾನುವಾರ ಕೂಟದ ಅಕ್ಕ ಮೂವರಿಗೂ ಬಿಸಿ ಮಿರ್ಚಿ ಕೊಟ್ಟಳು. ನಮ್ಮದೇನೂ ಕೆಟ್ಟಿಲ್ಲವಲ್ಲ ಎಂದೆ. ಇರಲಿ ತಿನ್ರಿ ಎಂದಳು.

ಕಾಕು ಮೊದಲ ಒಂದು ವಾರ ಈ ಫೋನನ್ನು ನಂಬಲಿಲ್ಲ. ಫೋನ್ ಬಂದ ದಿನವೆಲ್ಲ ನಳದ ಕೆಳಗೆ ಕೊಡ ಇಟ್ಟೇ ನೋಡಿದಳು. ನೀರಿಲ್ಲ ಎಂದ ದಿನ ನೀರು ಬರಲಿಲ್ಲ, ನಾಳೆ ಎಂದ ಮರುದಿನ ಬಂತು.

ಆಮೇಲಿನ ಪಾಳಿ ಮುಗಿದ ಮರುದಿನ ಅವಳು ಕಾಕಾಗೆ ರೊಟ್ಟಿ ಕಟ್ಟಿಟ್ಟು ಮುಂಡರಗಿಯ ಬಸ್ ಹತ್ತಿದಳು. ಮೂರು ದಿನ ಇದ್ದಳು. ಬೆಳಿಗ್ಗೆ ಬೆಳಿಗ್ಗೆ ಅಲ್ಲಿಗೇ ಫೋನ್ ಹೋಗುತ್ತಿತ್ತು. ಅದು ತುಂಬಿಟ್ಟ ದನಿ ಎಂದು ಗೊತ್ತಿದ್ದೂ, ಹೂಂ ಅತ್ತಿ, ಇಲ್ಲೆಲ್ಲಾ ಚಲೋ ಅದಾರ ಎಂದು ಉತ್ತರ ಕೊಡುತ್ತಿದ್ದಳಂತೆ. ನಾಲ್ಕನೆಯ ದಿನ ನಾಳೆ ನಿಮ್ಮ ಪಾಳಿ ಎಂದು ಕೇಳಿ, ಮಧ್ಯಾಹ್ನದ ಬಸ್ಸಿಗೆ ಬಂದಳು. ಅಕ್ಕನನ್ನೂ ಕೈ ಹಿಡಿದು ಇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ನೀರು ಬಂತು. ಕಾಕು ಅಕ್ಕನಿಗೆ ನಳದ ಪಕ್ಕ ಮಣೆ ಹಾಕಿ ಕೂರಿಸಿದ್ದಳು. ನಾನು ನಮ್ಮ ಹಂಡೆ ತುಂಬಿಸಿ ಅವರ ಮನೆಗೆ ಹೋದಾಗ, ಮುದುಕಿ ಕತ್ತು ವಾಲಿಸಿ ನೀರಿನ ಸಪ್ಪಳಕ್ಕೆ ಕಿವಿ ಕೊಟ್ಟಿದ್ದಳು. ಕೊಡ ಕಂಠಕ್ಕೆ ಬಂದ ಕೂಡಲೇ, ತುಂಬಿತು, ಸರಿಸು ಎನ್ನುತ್ತಿದ್ದಳು. ಕಾಕು ಸರಿಸಿ ಇನ್ನೊಂದನ್ನು ಇಡುತ್ತಿದ್ದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.