ಕೇಳುವವರ ಸಂಘ

ಕನ್ನಡದಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಕೆಲಸ. ಕಿವಿಗೊಡುವುದೂ ಕೇಳುವುದೇ, ಕೈಯೊಡ್ಡುವುದೂ ಕೇಳುವುದೇ. ಮಂಗಳೂರಿನ ಪತ್ರಿಕೆಯೊಂದಕ್ಕೆ ನಾನು ಬಂಟ್ವಾಳದ ಬಾತ್ಮೀದಾರನಾಗಿದ್ದಾಗ ‘ಸಭಿಕರು ಕೇಳಿದರು’ ಎಂದು ಬರೆದರೆ ಉಪಸಂಪಾದಕರ ಪ್ರಶ್ನೆ ಬರುತ್ತಿತ್ತು: ಏನನ್ನು ಕೇಳಿದರು, ಭಾಷಣವನ್ನೋ ಕಾಫಿಯನ್ನೋ? ಅಂದಿನಿಂದ ಆ ಪದವನ್ನು ಅಳೆದು ಬಳಸುತ್ತೇನೆ. ಆದರೆ ಐವತ್ತರ ದಶಕದ ಕೊನೆಗೆ ನಮ್ಮಲ್ಲಿ ಹುಟ್ಟಿಕೊಂಡ ಒಂದು ಸಂಘಕ್ಕೆ ಎರಡು ಅರ್ಥವೂ ಒಟ್ಟಿಗೇ ಸಲ್ಲುತ್ತಿತ್ತು.

ಅದಕ್ಕೊಂದು ಉದ್ದದ ಸಂಸ್ಕೃತ ಹೆಸರಿತ್ತು. ರಬ್ಬರ್ ಮೊಹರಿನ ಹೊರತು ಯಾರೂ ಅದನ್ನು ಪೂರ್ತಿ ಹೇಳಿದ್ದಿಲ್ಲ. ಜನರ ಬಾಯಲ್ಲಿ ಅದು ‘ಕೇಳುವವರ ಸಂಘ’. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸರದಿಯಂತೆ ಸೇರುವುದು. ಸಂಗೀತವನ್ನೋ ಹರಿಕಥೆಯನ್ನೋ, ಹೆಚ್ಚಾಗಿ ತಾಳಮದ್ದಳೆಯನ್ನೋ ಕೇಳುವುದು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಲ್ಲಿ ಯುದ್ಧ ಮಾಡುವ ಕಲೆ ಅದು. ಸಂಘದ ನಿಯಮ ಒಂದೇ: ಸದಸ್ಯನಾದವನು ಕಲಾವಿದರ ಚಾಪೆಯ ಮೇಲೆ ಕೂರಬಾರದು. ನಮ್ಮ ಕಡೆ ಎರಡು ತಾಳಮದ್ದಳೆ ಕೇಳಿದವನಿಗೆ ಮೂರನೆಯದರಲ್ಲಿ ತಾನೇ ಪಾತ್ರವಾಗಿ ಮಾತಾಡುವ, ಅಂದರೆ ಅರ್ಥ ಹೇಳುವ, ಆಸೆ ಹುಟ್ಟುತ್ತದೆ. ಹೇಳುವವರು ಹೆಚ್ಚಿ ಕೇಳುವವರಿಗೆ ಬರಗಾಲ ಬಂದೀತೆಂದು ಹಿರಿಯರು ಹೆದರಿದ್ದರು.

ಕೈಯೊಡ್ಡುವ ಕೆಲಸವೂ ಸಾಂಗವಾಗಿ ನಡೆಯುತ್ತಿತ್ತು. ಚಾಪೆ ಒಬ್ಬರ ಮನೆಯದು, ಬೆಲ್ಲ ನೀರು ಇನ್ನೊಬ್ಬರದು. ವಾಮದಪದವಿನ ಒಬ್ಬರು ವೀಳ್ಯದೆಲೆಯನ್ನು ಬಸ್ಸಿನಲ್ಲಿ ಕಳುಹಿಸುತ್ತಿದ್ದರು. ಡ್ರೈವರು ತನ್ನ ಪಾಲನ್ನು ದಾರಿಯಲ್ಲೇ ಜಗಿದು ಉಳಿದದ್ದನ್ನು ತಲುಪಿಸುತ್ತಿದ್ದ. ಮೂಡುಬಿದಿರೆಯ ಸರದಿ ಬಂದಾಗ ಅಧ್ಯಕ್ಷರಾದ ಬಲ್ಲಾಳರ ಚಾವಡಿ. ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಹಾಗಾಗಿ ಅಲ್ಲಿ ಎಷ್ಟು ದೊಡ್ಡ ವಿದ್ವಾಂಸನೂ ಬಿಸಿಲಿರುವಾಗಲೇ ಮಾತು ಮುಗಿಸುತ್ತಿದ್ದ. ಕಲೆಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹವನ್ನು ನಾನು ಕಂಡಿಲ್ಲ.

ಸಂಘದ ಕಿರೀಟಪ್ರಾಯ ಸದಸ್ಯರು ಬಂಟ್ವಾಳ ಪೇಟೆಯ ಜವಳಿ ಅಂಗಡಿಯ ಪ್ರಭುಗಳು. ಒಳ್ಳೆಯ ಮಾತು ಬಂದಾಗ ಅವರ ಹುಬ್ಬು ನೂಲಿನಷ್ಟು ಮೇಲೇರುತ್ತಿತ್ತು. ಅರ್ಥಧಾರಿಗಳು ಸಭೆಯನ್ನು ಬಿಟ್ಟು ಆ ಹುಬ್ಬನ್ನೇ ನೋಡಿ ಮಾತಾಡುತ್ತಿದ್ದರು. ಇಂಥವರೊಳಗೂ ಒಂದು ಆಸೆ ಇತ್ತು: ಸಂಧಾನದ ಪ್ರಸಂಗದಲ್ಲಿ, ದಾಯಾದಿಗಳಿಗೆ ನೆಲ ಕೊಡಲಾರೆ ಎನ್ನುವ ರಾಜನ ಅರ್ಥವನ್ನು ಒಮ್ಮೆಯಾದರೂ ಹೇಳಬೇಕು. ವರ್ಷಗಟ್ಟಲೆ ಅಂಗಡಿಯಲ್ಲಿ ಅದನ್ನೇ ಗುನುಗುತ್ತಿದ್ದರು. ‘ಒಂದಂಗುಲವನ್ನೂ ಬಿಡೆ’ ಎಂದು ಬಾಯಿ ಗರ್ಜಿಸುವಾಗ ಕೈ ಗಿರಾಕಿಗೆ ಗೇಣು ಬಟ್ಟೆ ಹೆಚ್ಚಿಗೆ ಬಿಡುತ್ತಿತ್ತು. ಕೆಲವರು ಆ ಹೊತ್ತು ನೋಡಿಯೇ ಬರುತ್ತಿದ್ದರೆಂದು ವದಂತಿ, ನಾನು ಖಚಿತಪಡಿಸಿಕೊಂಡಿಲ್ಲ.

ಕೊನೆಗೆ ಅವರು ರಾಜೀನಾಮೆ ಕೊಡುತ್ತೇನೆಂದರು. ಬಿಟ್ಟು ಹೋದವರನ್ನು ಮತ್ತೆ ಸೇರಿಸಿಕೊಳ್ಳುವ ಕ್ರಮವಿಲ್ಲವೆಂದು ಬಲ್ಲಾಳರು ಎಚ್ಚರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ನೀವು ಹೋದ್ರೆ ಹೇಳುವವರು ಯಾರ ಮುಖ ನೋಡುವುದು?”

“ಅವರು ನನ್ನ ಮುಖ ನೋಡಿದ್ದು ಸಾಕು ಬಲ್ಲಾಳರೇ. ಒಮ್ಮೆ ನಾನು ನಿಮ್ಮೆಲ್ಲರ ಮುಖ ನೋಡ್ತೇನೆ.”

ಪ್ರಸಂಗ ಬಲ್ಲಾಳರ ಚಾವಡಿಯಲ್ಲೇ ನಡೆಯಿತು. ಪ್ರಭುಗಳು ರಾಜ, ಶಾಂತಿ ಕೇಳಲು ಬಂದ ದೂತ ಬೆಳ್ತಂಗಡಿಯ ಭಟ್ಟ ಮಾಸ್ಟ್ರು. ರಾಜನ ಪೀಠಿಕೆ ಚೆನ್ನಾಗಿಯೇ ಹೋಯಿತು. ಬಳಿಕ ಮಾಸ್ಟ್ರು ಶುರು ಮಾಡಿದರು. ಮನೆ ಪಾಲಾದರೆ ಗೋಡೆ ಎಬ್ಬಿಸಬಹುದು, ಬಾವಿಗೆ ಎಲ್ಲಿ ಗೋಡೆ ಎಬ್ಬಿಸುತ್ತೀ? ಮೇಲಿನ ನೀರು ನಿನಗೆ, ಕೆಳಗಿನದು ಅವರಿಗೆ ಎನ್ನುತ್ತೀಯೋ? ಅವರು ಇಷ್ಟು ತುಂಬಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಏಕೆಂದರೆ ಆ ಹುಬ್ಬು ಈಗ ಎದುರಿಗೇ, ಮೊಳದ ದೂರದಲ್ಲಿ ಏರುತ್ತಿತ್ತು.

ಮಾತು ನಿಂತಿತು. ರಾಜ ಉತ್ತರಿಸಬೇಕು. ರಾಜ ಕೇಳುತ್ತಲೇ ಇದ್ದರು. ಪದ ಹಾಡುವ ಭಾಗವತರು ಜಾಗಟೆಯನ್ನು ಮೆಲ್ಲನೆ ತಟ್ಟಿ ನೆನಪಿಸಿದರು. ಪ್ರಭುಗಳು ನಿಟ್ಟುಸಿರಿಟ್ಟು ಹೇಳಿದರು:

“ಹೌದು. ನೀವು ಹೇಳಿದ್ದು ಸರಿ ಉಂಟು.”

ಎಲ್ಲ ವಾದಕ್ಕೂ ಪ್ರತಿವಾದ ಸಿದ್ಧಮಾಡಿಕೊಂಡು ಬಂದಿದ್ದ ಮಾಸ್ಟ್ರಿಗೆ ಒಪ್ಪಿಗೆಗೆ ಏನು ಹೇಳಬೇಕೆಂದು ತೋಚಲಿಲ್ಲ. “ಹಾಗಾದ್ರೆ ಯುದ್ಧ ಇಲ್ವಾ ಮಾರಾಯ್ರೆ?” ಎಂದು ಹಿಂದಿನಿಂದ ಯಾರೋ ಕೇಳಿದರು. ಭಾಗವತರು ಅವಸರದಿಂದ ಮುಂದಿನ ಪದ ಎತ್ತಿ ಕಥೆಯನ್ನು ಹೇಗೋ ರಣರಂಗಕ್ಕೆ ಎಳೆದುಕೊಂಡು ಹೋದರು. ‘ಸಂಧಾನ ಫಲಿಸಿತು’ ಎಂದು ನಾನು ವರದಿ ಕಳುಹಿಸಿದೆ. ಉಪಸಂಪಾದಕರು ಕೈತಪ್ಪೆಂದು ಭಾವಿಸಿ ‘ಫಲಿಸಲಿಲ್ಲ’ ಎಂದು ತಿದ್ದಿದರು.

ಮುಂದಿನ ಸಭೆಯಲ್ಲಿ ಪ್ರಭುಗಳು ಒಳಗೆ ಬರದೆ ಜಗಲಿಯ ತುದಿಯಲ್ಲೇ ನಿಂತರು. ನಿಯಮ ನಿಯಮವೇ ಎಂದು ಒಂದಿಬ್ಬರು ಗೊಣಗಿದರು. ಬಲ್ಲಾಳರು ಅಡಿಕೆ ಕತ್ತರಿಸುತ್ತ ತೀರ್ಪು ಕೊಟ್ಟರು: “ಚಾಪೆಯಲ್ಲಿ ಕೂತದ್ದು ಹೌದು. ಆದ್ರೆ ಅಲ್ಲಿಯೂ ಅವರು ಕೇಳಿದ್ದೇ ಅಲ್ವಾ? ಅರ್ಥ ಹೇಳಿದ್ದೆಲ್ಲಿ? ಬನ್ನಿ ಪ್ರಭುಗಳೇ, ಕೂತ್ಕೊಳ್ಳಿ.” ಎಲ್ಲರೂ ನಕ್ಕರು. ಪ್ರಭುಗಳೂ ನಕ್ಕರು, ಉಳಿದವರಿಗಿಂತ ತುಸು ತಡವಾಗಿ. ಕಳೆದುಕೊಂಡಿದ್ದ ಜಾಗ ಸಿಕ್ಕಿತ್ತು. ಬಯಸಿದ್ದ ಜಾಗ ಇನ್ನು ಸಿಗುವುದಿಲ್ಲವೆಂಬುದು ಅದೇ ಮಾತಿನಲ್ಲಿ ತೀರ್ಮಾನವಾಗಿತ್ತು.

ಅದು ನನ್ನನ್ನು ಕೊರೆಯಿತು. ಒಂದು ದಿನ ಅಂಗಡಿಗೆ ಹೋಗಿ, ಆ ದಿನ ಹೇಳದೆ ಉಳಿದ ರಾಜನ ಮಾತನ್ನು ನನಗೊಬ್ಬನಿಗಾದರೂ ಹೇಳಿ ಎಂದೆ. ಅವರು ಬಟ್ಟೆಯ ಥಾನು ಸುತ್ತುತ್ತ ಯೋಚಿಸಿದರು.

“ಬಾಯಿಪಾಠ ಉಂಟು, ಹೇಳಬಹುದು. ಆದ್ರೆ ಮಾಸ್ಟ್ರ ಆ ಬಾವಿಯ ಮಾತು ಕೇಳಿದ ಮೇಲೆ ನನಗೇ ಅದರಲ್ಲಿ ನಂಬಿಕೆ ಇಲ್ಲ ಮಾರಾಯ್ರೆ.”

ಆಮೇಲೆ ಊರೂರಿನ ಎಷ್ಟೋ ಸಭೆಗಳ, ಸಂಧಾನಗಳ ವರದಿ ಬರೆದೆ. ಸಂಘ ಎಂದು ನಿಂತಿತೋ ನೆನಪಿಲ್ಲ. ನಿಲ್ಲಿಸಿದೆವೆಂದು ಯಾರೂ ಹೇಳಲಿಲ್ಲ. ಧ್ವನಿವರ್ಧಕ ಬಂತು, ಹೇಳುವವರ ಸಾಲು ಉದ್ದವಾಯಿತು. ‘ಬಿರುಸಿನ ಚರ್ಚೆ ನಡೆಯಿತು’ ಎಂದು ನಾನು ಬರೆದು ಬರೆದು ಮುದ್ರಣಾಲಯದ ಆ ಅಚ್ಚುಮೊಳೆಗಳೇ ಸವೆದಿರಬೇಕು. ಆದರೂ ವಾದದ ನಡುವೆ ಯಾರಾದರೂ ಫಕ್ಕನೆ ಮಾತು ನಿಲ್ಲಿಸಿದರೆ ನಾನು ಈಗಲೂ ಒಮ್ಮೆ ತಲೆಯೆತ್ತಿ ನೋಡುತ್ತೇನೆ. ಸಾಮಾನ್ಯವಾಗಿ ಅವರು ನೀರು ಕುಡಿಯುತ್ತಿರುತ್ತಾರೆ.