ಮರಳಿಗೆ ತಾಗಿದ ಜಡೆ

ರುದ್ರಾಣಿ ಗದಗಿನ ಶಾಲೆಯಲ್ಲಿ ಒಂಬತ್ತನೆಯ ಈಯತ್ತೆ ಓದುವಾಗ ಉದ್ದಜಿಗಿತದಲ್ಲಿ ಬರಿಗಾಲಲ್ಲಿ ಓಡಿಬಂದು ನಾಲ್ಕೂವರೆ ಮೀಟರ್ ಹಾರಿದವಳು, ಜಿಲ್ಲೆಗೇ ಮೊದಲು. ಆಮೇಲೆ ಹಾರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಕಾಲೇಜಿನಲ್ಲಿ ಮರಳಿನ ಗುಂಡಿಯೇ ಇರಲಿಲ್ಲ, ಅಷ್ಟೆ. ನಂದೀಶನನ್ನು ಮದುವೆಯಾಗಿ ನ್ಯೂಜಿಲೆಂಡಿಗೆ ಬಂದು ಮನುಕಾವ್‌ನ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದಳು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮಗಳು ವಚನಾಳನ್ನು ಓಟದ ಅಭ್ಯಾಸಕ್ಕೆ ಬಿಡಲು ಪಾಪಕುರಾದ ಮೈದಾನಕ್ಕೆ ಹೋದಾಗ, ತಲೆ ನರೆತ ಹೆಂಗಸರು ಮರಳಿಗೆ ಹಾರುವುದನ್ನು ಕಂಡಳು. ತಿಂಗಳೊಳಗೆ ಮಗಳು ಓಟ ಬಿಟ್ಟಳು, ತಾಯಿ ಕ್ಲಬ್ಬು ಸೇರಿದಳು.

ಮೂರು ವರ್ಷ ಹಾರಿದರೂ ನಾಲ್ಕು ಮೀಟರ್ ದಾಟಲಿಲ್ಲ. ದಾಟಿದವರನ್ನೇ ಕ್ಲಬ್ಬು ಡನೀಡಿನ್‌ನ ದೊಡ್ಡ ಕ್ರೀಡಾಕೂಟಕ್ಕೆ ಕಳಿಸುವುದು. ಅದಕ್ಕೆ ಈ ವರ್ಷ ಉಳಿದದ್ದು ಇದೊಂದೇ ಶನಿವಾರ, ಮೂರೇ ಜಿಗಿತ.

ಮೊದಲನೆಯದರಲ್ಲಿ ಕಾಲು ಹಲಗೆ ಮೀರಿ ಫೌಲ್ ಆಯಿತು. ಎರಡನೆಯದನ್ನು ಮಾತ್ರ ಮೈಯಲ್ಲಿ ಭಾರವೇ ಇಲ್ಲದವಳಂತೆ ಹಾರಿದಳು. ಹಿಮ್ಮಡಿಯ ಗುರುತು ನಾಲ್ಕರ ಆಚೆಗೇ ಇತ್ತು. ಆದರೆ ಅಳತೆಯ ಮುದುಕಿ ಮಾರ್ಗರೆಟ್ ಒಂದು ಗೇಣು ಹಿಂದೆ ಮೊಳೆ ಚುಚ್ಚಿ, "ಮೂರು ಎಂಬತ್ತು" ಎಂದಳು.

ಬೇಲಿಯಾಚೆ ನಂದೀಶ ಸಿಡಿದೆದ್ದ. "ಕಣ್ಣು ಕಾಣ್ತಾವಿಲ್ಲೋ ಈಕಿಗೆ? ಕಾಲು ಬಿದ್ದದ್ದೆಲ್ಲಿ, ಮೊಳಿ ಚುಚ್ಚಿದ್ದೆಲ್ಲಿ!"

"ರೀ, ಸುಮ್ಕ ಕುಂದರ್ರಿ. ಹೊರಗ ಹಾಕ್ತಾರ."

ಮಾರ್ಗರೆಟ್ ಸಿಟ್ಟಾಗದೆ ಮರಳಿನ ಕಡೆ ಬೆರಳು ತೋರಿದಳು. ಹಿಮ್ಮಡಿಗಳ ಹಿಂದೆ ಬಾರುಕೋಲು ಎಳೆದಂತೆ ಒಂದು ಗೆರೆ. ರುದ್ರಾಣಿ ಕೂತಂತೆ ಬೀಳುವಾಗ ಸೊಂಟ ಮುಟ್ಟುವ ಜಡೆ ಹಿಂದಕ್ಕೆ ಬಡಿದಿತ್ತು.

"ಮೈಗೆ ಸೇರಿದ್ದು ಯಾವುದು ತಾಗಿದರೂ ಅಲ್ಲಿಂದಲೇ ಅಳತೆ" ಎಂದಳು ಮುದುಕಿ ಇಂಗ್ಲಿಷಿನಲ್ಲಿ.

"ಯಾವಾಗಲೂ ಹೀಗೇ ಆಗ್ತಿತ್ತಾ?" ಎಂದಳು ರುದ್ರಾಣಿ.

"ಎಷ್ಟೋ ಸಲ. ನಿನಗೆ ಗೊತ್ತಿದೆ ಅಂದುಕೊಂಡಿದ್ದೆ. ನಿಮ್ಮ ಧರ್ಮದ ಕೂದಲು, ನಾನು ಹೇಗೆ ಬಾಯಿ ಹಾಕಲಿ?"

ಮೂರು ವರ್ಷ ಅಳೆದದ್ದು ತನ್ನ ಜಡೆಯನ್ನು! ರುದ್ರಾಣಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಜಸ್ಟ್ ಕಟ್ ಇಟ್, ಅಮ್ಮ!" ಎಂದಳು ವಚನಾ.

ಮಡಚು ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮಲ್ಲವ್ವ ಮೊಮ್ಮಗಳನ್ನು ಗದರಿದಳು. "ಕಟ್ಟೂ ಬ್ಯಾಡ, ಗಿಟ್ಟೂ ಬ್ಯಾಡ. ಧರ್ಮ ಅಂತ ಧರ್ಮ! ಮುಂಜಾನೆ ತುರುಬು ಕಟ್ಟತೇನಿ ಅಂದ್ರ, ತಲಿ ಭಾರ ಆಕ್ಕೈತಿ ಅಂದಾಕಿ ನಿಮ್ಮವ್ವನs. ಬಾ ರುದ್ರಾಣಿ, ಕುಂದರು."

ತನ್ನ ಬಿಳಿ ತುರುಬಿನ ಪಿನ್ನುಗಳನ್ನೆಲ್ಲ ಕಿತ್ತು ಹಲ್ಲಿಗೆ ಕಚ್ಚಿ, ಸೊಸೆಯ ಜಡೆಯನ್ನು ಸುರುಳಿ ಸುತ್ತಿ ಹುಬ್ಬು ಮೇಲೇರುವಂತೆ ಬಿಗಿದಳು.

"ಅತ್ತೀ, ನೋಯ್ತೈತ್ರಿ!"

"ನೋಯ್ಲಿ. ಇನ್ನ ಒಂದs ಐತಲ್ಲ."

ರುದ್ರಾಣಿ ಓಡಿದಳು. ಹಲಗೆ ಸರಿಯಾಗಿ ಅಂಗಾಲಿಗೆ ಸಿಕ್ಕಿತು. ಮರಳು ಎದೆಯವರೆಗೆ ಚಿಮ್ಮಿತು. ಏಳಲಿಲ್ಲ, ಮುಂದಕ್ಕೆ ಬಾಗಿಕೊಂಡು ಅಲ್ಲೇ ಕೂತಳು. ಮಾರ್ಗರೆಟ್ ಬಗ್ಗಿ ಹಿಂದೆ ಗೆರೆ ಹುಡುಕಿದಳು, ಸಿಗಲಿಲ್ಲ. ಹಿಮ್ಮಡಿಯ ಬುಡಕ್ಕೇ ಮೊಳೆ ಚುಚ್ಚಿದಳು.

"ನಾಲ್ಕು, ಸೊನ್ನೆ ಎರಡು."

ನಂದೀಶ ಬೇಲಿ ಹಾರಿ ಬಂದ. ಮುದುಕಿ ಅವನ ಕೈಗೆ ಮರಳು ಎಳೆಯುವ ಹಲುಬೆ ಕೊಟ್ಟಳು. ಅವನು ಹಲ್ಲು ಕಿರಿಯುತ್ತ ಗುಂಡಿ ಸಮ ಮಾಡತೊಡಗಿದ.

ಕೂದಲು ಕೆದರಿದ ಮಲ್ಲವ್ವ ಕುರ್ಚಿಯಿಂದಲೇ ಕೂಗಿದಳು: "ಡನೀಡಿನ್‌ದಾಗ ಚಳಿ ಭಾಳಂತಲ್ಲ? ನನ್ನ ಸ್ವೆಟರೂ ತುಂಬ್ಕೋ."