ಡಬ್ಬಿಗೊಂದು ಸೀಟು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದು ನೌಕರಿಗೆ ಬಂದವಳು ನಾನೇ ಮೊದಲು. ಆ ನೌಕರಿಯನ್ನು ಬಿಡದೆ ಹಿಡಿಯುವುದನ್ನು ತೋರಿಸಿದವರು ನಮ್ಮ ಶಾಲೆಯ ಹಿರಿಯ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಅವರ ಎಳೆಗೂಸು ಅವರೂರು ಉಟಗಿಯಲ್ಲಿ ಅತ್ತೆಯ ಹತ್ತಿರವಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅವರು ನಕಾಶೆಗಳ ಕೋಣೆಯಲ್ಲಿ ಕೂತು ಸ್ಟೀಲ್ ಡಬ್ಬಿಗೆ ಎದೆಹಾಲು ಹಿಂಡುತ್ತಿದ್ದರು. ಬಾಗಿಲಿಗೆ ಚಿಲಕವಿರಲಿಲ್ಲ, ನಾನು ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಆಮೇಲೆ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಉಟಗಿಗೆ ಜನರನ್ನು ಒಯ್ಯುವ ಬಾಡಿಗೆ ಜೀಪಿನಲ್ಲಿಟ್ಟು ಬರುತ್ತಿದ್ದರು; ಅಲ್ಲಿ ಅತ್ತೆ ಇಳಿಸಿಕೊಳ್ಳುತ್ತಿದ್ದರು.

“ಬಾಟ್ಲಿ ಹಾಲು ಹಚ್ರಿ, ಇಲ್ಲಾ ಮನ್ಯಾಗ ಇರ್ರಿ,” ಎಂದು ಹೆಡ್‌ಮಾಸ್ತರರು ಹೇಳಿದಾಗೆಲ್ಲ ಅಕ್ಕೋರದು ಒಂದೇ ಮಾತು: “ಕೂಸೂ ನಂದು, ನೌಕರೀನೂ ನಂದು.”

ಒಂದು ದಿನ ಜೀಪಿನಲ್ಲಿ ಮುಂದಿನ ಒಂದೇ ಸೀಟು ಉಳಿದಿತ್ತು. “ಡಬ್ಬಿಗಿ ಜಾಗಾ ಇಲ್ರಿ ಅಕ್ಕೋರ. ರೊಕ್ಕಾ ಕೊಟ್ಟವ್ರು ಮದ್ಲ,” ಎಂದ ಡ್ರೈವರ್. ಅಕ್ಕೋರು ಪೂರ್ತಿ ಸೀಟಿನ ದುಡ್ಡು ಕೊಟ್ಟು, ಅದರ ಮೇಲೆ ಡಬ್ಬಿಯನ್ನು ಕೂರಿಸಿದರು. ಅಷ್ಟರಲ್ಲಿ ಉಟಗಿಯ ಮೀಟಿಂಗಿಗೆ ಹೊರಟ ಹೆಡ್‌ಮಾಸ್ತರರು ಬಂದರು.

“ಡಬ್ಬಿ ಹಿಂದ ಇಡ್ರಿ, ನಾ ಕುಂದ್ರತೀನಿ.”

“ಹಿಂದ ಇಟ್ರ ಅದು ಚೆಲ್ಲತೈತ್ರಿ ಸರ್. ನೀವು ನಿಂತ್ರ ಚೆಲ್ಲಾಂಗಿಲ್ಲ.”

ಹೆಡ್‌ಮಾಸ್ತರರು ಹಿಂದೆ ಸರಳು ಹಿಡಿದು ನಿಂತೇ ಹೋದರು. ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ. ಅಕ್ಕೋರು ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

“ನಡಿ ತಂಗಿ, ಗಂಟಿ ಆತು. ವರ್ಗಕ್ಕ ಹೋಗೂಣು.”